ನಡಾವಳಿ ಪುಸ್ತಕವನ್ನು ಯಾರು ಓದುತ್ತಾರೆ?

ನಮ್ಮ ರಾಜ್ಯದ ಪಾರ್ಟಿಗಳಿಗೆ ಒಂದು ಅಭ್ಯಾಸ ಇದೆ. ಯಾತ್ರೆ ಹೊರಡುವ ಮುಂಚೆ ಮುಳಬಾಗಿಲು ತಾಲ್ಲೂಕಿನ ಕುರುಡುಮಲೆಗೆ ಬಂದು ಅಲ್ಲಿನ ದೊಡ್ಡ ಗಣಪನಿಗೆ ಪೂಜೆ ಮಾಡಿಸುತ್ತಾರೆ. ಮೂಡಲ ಬಾಗಿಲಿಂದ ಹೊರಟರೆ ಗೆಲುವು ಅಂತ ನಂಬಿಕೆ. 1999ರಲ್ಲಿ ಎಸ್.ಎಂ. ಕೃಷ್ಣ ಅವರ ಪಾಂಚಜನ್ಯ ಯಾತ್ರೆ ಇಲ್ಲಿಂದ ಹೊರಟಿತು, ಅವರು ಮುಖ್ಯಮಂತ್ರಿಯೂ ಆದರು. 2022ರ ನವೆಂಬರಿನಲ್ಲಿ ಕುಮಾರಸ್ವಾಮಿಯವರ ಪಂಚರತ್ನ ರಥಯಾತ್ರೆಯೂ ಇಲ್ಲಿಂದಲೇ. ಆ ಐದು ರತ್ನಗಳಲ್ಲಿ ಶಿಕ್ಷಣ ಒಂದು. ಪ್ರತಿ ಗ್ರಾಮ ಪಂಚಾಯಿತಿಗೂ ಒಂದು ಹೈಟೆಕ್ ಸರ್ಕಾರಿ ಶಾಲೆ ಅಂತ ಆ ರಥ ಊರೂರಿಗೆ ಹೇಳಿಕೊಂಡು ಹೋಯಿತು.

ಭರವಸೆ ಒಳ್ಳೆಯದೋ ಕೆಟ್ಟದ್ದೋ ಅನ್ನೋದು ಬೇರೆ ಮಾತು. ನನಗೆ ಕುತೂಹಲ ಇರೋದು ಇನ್ನೊಂದು ವಿಷಯದಲ್ಲಿ. ಆ ಗುಡಿಯಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ನಮ್ಮೂರಿದೆ. ನಮ್ಮೂರ ಸರ್ಕಾರಿ ಶಾಲೆಯಲ್ಲಿ, ಆ ಶಾಲೆಗೆ ಏನು ಬೇಕು ಅಂತ ಹೇಳುವ ಕಾನೂನುಬದ್ಧ ಅಧಿಕಾರ ಇರುವ ಒಂದು ಸಮಿತಿ ಇದೆ. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಇಂಥದ್ದು ರಾಜ್ಯದ ಪ್ರತಿಯೊಂದು ಸರ್ಕಾರಿ ಶಾಲೆಯಲ್ಲೂ ಇದೆ. ಅದು ಏನು ಹೇಳುತ್ತೆ ಅಂತ ರಥದ ಮೇಲಿದ್ದವರು ಕೇಳಲಿಲ್ಲ. ರಥವನ್ನು ಟೀಕಿಸಿ ಪೇಪರಿನಲ್ಲಿ ಬರೆದವರೂ ಕೇಳಿದ್ದನ್ನು ನಾನು ನೋಡಿಲ್ಲ.

ಸಮಿತಿ ಹೇಳೋದೆಲ್ಲ ನಡಾವಳಿ ಪುಸ್ತಕದಲ್ಲಿರುತ್ತೆ. ಗಟ್ಟಿ ರಟ್ಟಿನ ಉದ್ದನೆಯ ರಿಜಿಸ್ಟರ್. ಮೊನ್ನೆ ಊರಿಗೆ ಹೋದಾಗ ಅಧ್ಯಕ್ಷರ ಒಪ್ಪಿಗೆ ಪಡೆದು ಅದರ ಹತ್ತು ವರ್ಷದ ಪುಟಗಳನ್ನು ಕೂತು ಓದಿದೆ. ಕಥೆ, ಕಾದಂಬರಿಗೆ ವಿಮರ್ಶೆ ಬರೀತಾರೆ, ಇದಕ್ಕೂ ಯಾರಾದರೂ ಒಬ್ಬರು ಬರೀಬೇಕಲ್ಲ.

ಮೊದಲು ಭಾಷೆ. ಎಲ್ಲ ಸಭೆಗಳೂ ಒಂದೇ ವಾಕ್ಯದಲ್ಲಿ ಶುರುವಾಗಿ ಒಂದೇ ವಾಕ್ಯದಲ್ಲಿ ಮುಗಿಯುತ್ತವೆ. ‘ಸದರಿ ವಿಷಯದ ಬಗ್ಗೆ ಚರ್ಚಿಸಿ ಸರ್ವಾನುಮತದಿಂದ ತೀರ್ಮಾನಿಸಲಾಯಿತು.’ ಯಾರು ಚರ್ಚಿಸಿದರು? ಯಾರು ಒಪ್ಪಲಿಲ್ಲ? ಕರ್ತೃವೇ ಇಲ್ಲದ ಕನ್ನಡ ಅದು. ಬರೆಯೋದು ಹೆಡ್ ಮೇಷ್ಟ್ರು, ಸದಸ್ಯರು ಸಹಿ ಹಾಕುತ್ತಾರೆ. ವಿಷಯಗಳೂ ಬದಲಾಗೋದಿಲ್ಲ: ಬಿಸಿಯೂಟದ ತರಕಾರಿ, ಮೊಟ್ಟೆಯ ರೇಟು, ಆಗಸ್ಟ್ 15ರ ಸಿಹಿ, ಸುಣ್ಣ ಬಣ್ಣ, ಕಾಂಪೌಂಡಿಗೆ ದಾನಿಗಳನ್ನು ಹುಡುಕೋದು. ಹತ್ತು ವರ್ಷದಲ್ಲಿ ಮಕ್ಕಳ ಸಂಖ್ಯೆ ಅರ್ಧಕ್ಕಿಂತ ಕೆಳಗೆ ಇಳಿದಿದೆ. ಮುಳಬಾಗಿಲಿನ ಕಾನ್ವೆಂಟುಗಳ ಹಳದಿ ವ್ಯಾನು ಬೆಳಿಗ್ಗೆ ಎಂಟಕ್ಕೇ ಊರ ಬಾಗಿಲಲ್ಲಿ ಹಾರನ್ ಹೊಡೆಯುತ್ತೆ. ಯಾಕೆ ಇಳಿಯಿತು ಅನ್ನುವ ಪ್ರಶ್ನೆ ಆ ಪುಸ್ತಕದಲ್ಲಿ ಒಂದೇ ಒಂದು ಕಡೆ ಬರುತ್ತೆ. ‘ದಾಖಲಾತಿ ಹೆಚ್ಚಿಸಲು ಪೋಷಕರ ಮನವೊಲಿಸಲು ತೀರ್ಮಾನಿಸಲಾಯಿತು.’ ಪೋಷಕರದ್ದೇ ಸಮಿತಿ, ಪೋಷಕರ ಮನವನ್ನು ಒಲಿಸಲು ತೀರ್ಮಾನ ಮಾಡುತ್ತೆ!

ಈ ಸಮಿತಿ ಹೀಗಿರಲಿ ಅಂತ ಹುಟ್ಟಿದ್ದಲ್ಲ. ಅದಕ್ಕೂ ಹಿಂದೆ ಗ್ರಾಮ ಶಿಕ್ಷಣ ಸಮಿತಿ ಅಂತ ಇತ್ತು, ಅದರಲ್ಲಿ ಊರ ದೊಡ್ಡವರೇ ಕೂರುತ್ತಿದ್ದರು. ವಿಜ್ಞಾನಿ ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಕಾರ್ಯಪಡೆ, ಶಾಲೆ ಮಕ್ಕಳನ್ನು ಕಳಿಸುವವರ ಕೈಯಲ್ಲಿರಬೇಕು ಅಂದಿತು. 2001ರ ಏಪ್ರಿಲ್ 28ರಂದು ಸರ್ಕಾರಿ ಆದೇಶ ಹೊರಬಿತ್ತು, ಎಸ್‌ಡಿಎಂಸಿ ಬಂತು. ಇಡೀ ದೇಶಕ್ಕೆ ಆರ್‌ಟಿಇ ಕಾಯ್ದೆ ಬರೋದಕ್ಕಿಂತ ಎಂಟು ವರ್ಷ ಮೊದಲೇ ಕರ್ನಾಟಕ ಈ ಕೆಲಸ ಮಾಡಿತ್ತು ಅನ್ನೋದನ್ನು ನಾವು ಮರೆತೇಬಿಟ್ಟಿದ್ದೀವಿ.

2009ರ ಆರ್‌ಟಿಇ ಕಾಯ್ದೆಯ 21 ಮತ್ತು 22ನೇ ಸೆಕ್ಷನ್ನುಗಳನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಪೋಷಕರೇ ಇರಬೇಕು. ಅರ್ಧದಷ್ಟು ಹೆಂಗಸರಿರಬೇಕು. ಸಮಿತಿ ಒಂದು ಶಾಲಾಭಿವೃದ್ಧಿ ಯೋಜನೆ ತಯಾರಿಸಬೇಕು. ಆಮೇಲೆ ಬರೋದೇ ಅಸಲಿ ಮಾತು: ಸರ್ಕಾರ ಮಾಡುವ ಯೋಜನೆಗೂ ಕೊಡುವ ಅನುದಾನಕ್ಕೂ ಆ ಯೋಜನೆಯೇ ಆಧಾರ ಆಗಿರಬೇಕು. ‘ಪರಿಗಣಿಸಬಹುದು’ ಅಂತಿಲ್ಲ, ಆಧಾರ ಅಂತಲೇ ಇದೆ. ನಮ್ಮ ಐಟಿ ಭಾಷೆಯಲ್ಲಿ ಹೇಳೋದಾದರೆ ರಿಕ್ವೈರ್‌ಮೆಂಟ್ ಡಾಕ್ಯುಮೆಂಟ್ ಬರೆಯೋರು ಟೊಮೆಟೊ ಬೆಳೆಯುವ ಅಪ್ಪ ಅಮ್ಮಂದಿರು, ಅದರ ಮೇಲೆ ಬಿಲ್ಡ್ ಮಾಡಬೇಕಾದ್ದು ವಿಧಾನಸೌಧ. ಆದರೆ ಬಿಲ್ಡ್ ಮೊದಲೇ ಆಗಿರುತ್ತೆ. ಡಾಕ್ಯುಮೆಂಟಿಗೆ ಆಮೇಲೆ ಸಹಿ ತಗೊಳ್ತಾರೆ.

ಅದೇ 21ನೇ ಸೆಕ್ಷನ್ನಿನಲ್ಲಿ ಇನ್ನೊಂದು ಸಣ್ಣ ಮಾತಿದೆ. ಅನುದಾನ ಪಡೆಯದ ಖಾಸಗಿ ಶಾಲೆಗಳಿಗೆ ಈ ಸಮಿತಿ ಅನ್ವಯ ಆಗೋದಿಲ್ಲ. ಬೆಂಗಳೂರಿನಲ್ಲಿ ಲಕ್ಷಗಟ್ಟಲೆ ಫೀಸ್ ಕಟ್ಟಿ, ಫೀಸ್ ಏರಿದಾಗ ವಾಟ್ಸ್ಆಪ್ ಗ್ರೂಪಿನಲ್ಲಿ ಗೊಣಗುವ ನಮ್ಮಂಥವರಿಗೆ ಈ ಕಾಯ್ದೆ ಕೊಡದ ಅಧಿಕಾರವನ್ನು ನಮ್ಮೂರಿನ ಕೂಲಿಯವರಿಗೆ ಕೊಟ್ಟಿದೆ.

ಆ ಅಧಿಕಾರ ಎಲ್ಲಿ ಸೋರಿಹೋಗುತ್ತೆ ಅಂತ ನೋಡೋಣ.

ನಮ್ಮಣ್ಣನ ಹೆಂಡತಿ, ನಾನು ವದಿನ ಅಂತ ಕರೆಯುವವರು, ಈಗ ಆ ಸಮಿತಿಯ ಸದಸ್ಯೆ. ಏಳನೇ ಕ್ಲಾಸಿಗೆ ನಿಲ್ಲಿಸಿದ ಓದು. ನಮ್ಮ ಮನೆಮಾತು ತೆಲುಗು. ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ಎಷ್ಟೋ ಊರುಗಳಲ್ಲಿ ಹೀಗೇ: ಮನೇಲಿ ತೆಲುಗು, ಶಾಲೇಲಿ ಕನ್ನಡ. ಕಳೆದ ವರ್ಷ ಒಂದು ಸಭೆಯಲ್ಲಿ ವದಿನ ಒಂದು ಮಾತು ಕೇಳಿದರಂತೆ. ನನಗೂ ಹೇಳಿದರು, ತೆಲುಗಿನಲ್ಲಿ. ಕನ್ನಡದಲ್ಲಿ ಹೇಳಿದರೆ ಹೀಗಿರುತ್ತೆ: “ಅಲ್ಲಯ್ಯಾ, ಮಕ್ಕಳು ಅವ್ರ ಭಾಷೇಲೇ ಕಲೀಬೇಕು ಅಂತಾರೆ ಮೇಷ್ಟ್ರು. ಸರಿ. ನಮ್ಮ ಮಕ್ಕಳ ಭಾಷೆ ಕನ್ನಡಾನಾ? ಮನೇಲಿಲ್ಲದ ಒಂದು ಭಾಷೆ ಇಸ್ಕೂಲಲ್ಲಿ ಕಲ್ತ್ಕೊಂಡೋರು ಇನ್ನೊಂದು ಕಲ್ತ್ಕೊಳಲ್ವಾ? ಇಂಗ್ಲಿಷ್ ಇಟ್ರೆ ವ್ಯಾನ್ ದುಡ್ಡಾದ್ರೂ ಉಳಿಯುತ್ತೆ.”

ಆ ದಿನದ ನಡಾವಳಿ ತೆಗೆದು ನೋಡಿದೆ. ‘ಶಾಲೆಯಲ್ಲಿ ಆಂಗ್ಲ ಮಾಧ್ಯಮ ವಿಭಾಗ ಪ್ರಾರಂಭಿಸಲು ಮೇಲಧಿಕಾರಿಗಳಿಗೆ ಮನವಿ ಸಲ್ಲಿಸಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು.’ ಅಷ್ಟೇ. ಬೇಡಿಕೆ ಉಳಿಯಿತು, ವಾದ ಹೋಯಿತು. ಬರೀ ಬೇಡಿಕೆಗಳನ್ನು ಮೇಲಿನ ಕಚೇರಿಗಳು ಎಣಿಸುತ್ತವೆ ಇಲ್ಲವೇ ಕಟ್ಟಿಡುತ್ತವೆ. ವಾದ ಇದ್ದಿದ್ದರೆ ಉತ್ತರ ಕೊಡಬೇಕಾಗುತ್ತಿತ್ತು. ಈ ರಾಜ್ಯದ ಮಾಧ್ಯಮದ ಜಗಳದಲ್ಲಿ ನಾನು ಇಷ್ಟು ವರ್ಷದಲ್ಲಿ ಓದಿದ ಲೇಖನಗಳಲ್ಲಿ ವದಿನ ಎತ್ತಿದ ಪ್ರಶ್ನೆಯಷ್ಟು ಚೂಪಾದ ಪ್ರಶ್ನೆಗಳು ಕಡಿಮೆ. ಅದು ‘ಸದರಿ ವಿಷಯ’ದ ಒಳಗೆ ಮುಳುಗಿಹೋಯಿತು.

ಪೋಷಕರು ಮಾತಾಡದಿದ್ದಾಗ ಅವರ ಹೆಸರಲ್ಲಿ ಬೇರೆಯವರು ಮಾತಾಡುತ್ತಾರೆ. ಕೋರ್ಟಿನ ಕೇಸುಗಳ ಹೆಸರು ನೋಡಿದರೇ ಸಾಕು. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮದ ಸರ್ಕಾರಿ ಆದೇಶದ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಗಿ 1993ರ ಡಿಸೆಂಬರಿನಲ್ಲಿ ಸೋತದ್ದು ಇಂಗ್ಲಿಷ್ ಮೀಡಿಯಂ ಸ್ಟೂಡೆಂಟ್ಸ್ ಪೇರೆಂಟ್ಸ್ ಅಸೋಸಿಯೇಷನ್. ಹೆಸರಲ್ಲಾದರೂ ಪೋಷಕರಿದ್ದರು, ಪೇಟೆಯ ಇಂಗ್ಲಿಷ್ ಶಾಲೆಗಳ ಪೋಷಕರು. 1994ರ ಏಪ್ರಿಲಿನಲ್ಲಿ ಸರ್ಕಾರ ಒಂದರಿಂದ ನಾಲ್ಕರವರೆಗೆ ಮಾತೃಭಾಷೆ ಅಥವಾ ಕನ್ನಡ ಅಂತ ಹೊಸ ಆದೇಶ ತಂದಿತು. 2008ರಲ್ಲಿ ಹೈಕೋರ್ಟು ಅದನ್ನು ಖಾಸಗಿ ಶಾಲೆಗಳ ಮಟ್ಟಿಗೆ ಹೊಡೆದುಹಾಕಿತು. ಸರ್ಕಾರ ಮೇಲ್ಮನವಿ ಹೋಯಿತು. 2014ರ ಮೇ 6ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಸರ್ಕಾರದ ವಿರುದ್ಧವೇ ತೀರ್ಪು ಕೊಟ್ಟಿತು. ಆ ಕೇಸಿನ ಹೆಸರಿನಲ್ಲಿ ಇರೋದು ಅಸೋಸಿಯೇಟೆಡ್ ಮ್ಯಾನೇಜ್‌ಮೆಂಟ್ಸ್. ಪೋಷಕರು ಹೆಸರಿಂದ ಇಳಿದರು, ಆಡಳಿತ ಮಂಡಳಿಗಳು ಹತ್ತಿದವು.

ತೀರ್ಪಿನ ಒಳಗೆ ಮಾತ್ರ ಪೋಷಕರು ತುಂಬಾ ಇದ್ದಾರೆ. ಮಗುವಿನ ಮಾತೃಭಾಷೆ ಯಾವುದು ಅಂತ ತೀರ್ಮಾನಿಸುವವರು ಅಪ್ಪ ಅಮ್ಮ ಅಥವಾ ಪೋಷಕರೇ, ಸರ್ಕಾರ ಅಲ್ಲ ಅಂತ ಪೀಠ ಹೇಳಿತು. ಯಾವ ಶಾಲೆಗಳಿಗೆ ಪೋಷಕರ ಸಮಿತಿ ಬೇಡ ಅಂತ 21ನೇ ಸೆಕ್ಷನ್ ಹೇಳಿದೆಯೋ ಆ ಶಾಲೆಗಳು ಪೋಷಕರ ಆಯ್ಕೆಯ ಹೆಸರಲ್ಲಿ ಗೆದ್ದವು. ಯಾವ ಶಾಲೆಗಳಲ್ಲಿ ಪೋಷಕರ ಸಮಿತಿ ಕಡ್ಡಾಯವೋ ಅಲ್ಲಿನ ಪೋಷಕರಿಗೆ ಆ ಆಯ್ಕೆ ತೀರ್ಪಿನಿಂದ ಬರಲಿಲ್ಲ. ಇದರಲ್ಲಿ ಮ್ಯಾನೇಜ್‌ಮೆಂಟುಗಳ ತಪ್ಪು ಹುಡುಕೋದು ಸುಲಭ, ಆದರೆ ನ್ಯಾಯ ಅಲ್ಲ. ಅವರು ಸಂಘ ಕಟ್ಟಿದರು, ಚಂದಾ ಎತ್ತಿದರು, ವಕೀಲರನ್ನಿಟ್ಟರು, ಇಪ್ಪತ್ತು ವರ್ಷ ಪಟ್ಟು ಬಿಡಲಿಲ್ಲ. ಒಂದು ನಿಲುವು ಕಟ್ಟೋದು ಅಂದರೆ ಹಾಗೇನೇ.

2024ರಲ್ಲೂ ಅದೇ ಆಯ್ತು. ಐದು, ಎಂಟು, ಒಂಬತ್ತನೇ ಕ್ಲಾಸಿಗೆ ಬೋರ್ಡ್ ಮಟ್ಟದ ಪರೀಕ್ಷೆ ಅಂತ ಸರ್ಕಾರ ಹೊರಟಿತು. ಅನುದಾನರಹಿತ ಶಾಲೆಗಳ ಸಂಘಟನೆಗಳು ಕೋರ್ಟಿಗೆ ಹೋದವು. ಮಾರ್ಚ್ 6ಕ್ಕೆ ಹೈಕೋರ್ಟಿನ ಏಕಸದಸ್ಯ ಪೀಠ ರದ್ದು ಮಾಡಿತು, 22ಕ್ಕೆ ವಿಭಾಗೀಯ ಪೀಠ ಸರಿ ಅಂದಿತು, ಈ ನಡುವೆ ಶುರುವಾಗಿದ್ದ ಪರೀಕ್ಷೆ ನಿಂತು ಮತ್ತೆ ನಡೆಯಿತು, ಏಪ್ರಿಲ್ 8ಕ್ಕೆ ಸುಪ್ರೀಂ ಕೋರ್ಟು ಫಲಿತಾಂಶಕ್ಕೆ ತಡೆ ಕೊಟ್ಟಿತು. ವದಿನ ಮಗಳು ಆಗ ಐದನೇ ಕ್ಲಾಸು. ಆ ತಿಂಗಳ ನಡಾವಳಿಯಲ್ಲಿ ಪರೀಕ್ಷೆಯ ವಿಷಯವೇ ಇಲ್ಲ, ಕುಡಿಯುವ ನೀರಿನ ಡ್ರಮ್ಮಿನ ವಿಷಯ ಇದೆ. ಡ್ರಮ್ಮು ಬೇಕಿತ್ತು, ಅದನ್ನು ಅಲ್ಲಗಳೆಯೋದಿಲ್ಲ. ಆದರೆ ಐದನೇ ಕ್ಲಾಸಿನ ಮಗು ಬೋರ್ಡ್ ಪರೀಕ್ಷೆ ಬರೀಬೇಕೋ ಬೇಡವೋ ಅನ್ನೋದಕ್ಕೆ ಈ ಇಬ್ಬರನ್ನು ಬಿಟ್ಟು ಮೂರನೆಯವರ ಅಭಿಪ್ರಾಯ ಯಾಕೆ ಯಾರಿಗೂ ಬೇಕಾಗಲಿಲ್ಲ?

ಇನ್ನು ಸಾಹಿತಿಗಳು. ಇವರ ಬಗ್ಗೆ ನನಗೆ ಗೌರವ ಇದೆ, ತಕರಾರೂ ಇದೆ. 2018ರ ಬಜೆಟ್ಟಿನಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆಗೀತೀವಿ ಅಂತ ಕುಮಾರಸ್ವಾಮಿ ಸರ್ಕಾರ ಹೇಳಿತು. 2019ರ ಜನವರಿಯಲ್ಲಿ ಧಾರವಾಡದ 84ನೇ ಸಾಹಿತ್ಯ ಸಮ್ಮೇಳನದಲ್ಲಿ ಅಧ್ಯಕ್ಷ ಚಂದ್ರಶೇಖರ ಕಂಬಾರರು ಅದನ್ನು ವಿರೋಧಿಸಿದರು. ಕನ್ನಡ ಶಾಲೆ ಹೋದರೆ ಕನ್ನಡ ಹೋಗುತ್ತೆ ಅನ್ನುವ ಭಯ ಸುಳ್ಳಲ್ಲ. ನಮ್ಮ ಗಡಿಯಲ್ಲಿ ಅದು ಇನ್ನೂ ಜಾಸ್ತಿ ನಿಜ. ನನಗೆ ಕನ್ನಡ ಬಂದದ್ದು ತಾಯಿಯಿಂದ ಅಲ್ಲ, ಶಾಲೆಯಿಂದ. ನೀವು ಓದ್ತಿರೋ ಈ ವಾಕ್ಯವನ್ನು ಒಂದು ಸರ್ಕಾರಿ ಶಾಲೆಯ ಮೇಷ್ಟ್ರುಗಳು ಕಲಿಸಿದ್ದು. ಮಾಲೂರು ತಾಲ್ಲೂಕಿನ ಮಾಸ್ತಿಯವರ ಮನೆಮಾತು ತಮಿಳು. ಕೋಲಾರ ಜಿಲ್ಲೆಯಲ್ಲಿ ಕನ್ನಡ ಅನ್ನೋದು ಎಷ್ಟೋ ಮನೆಗಳಿಗೆ ಆಯ್ದುಕೊಂಡು ಬಂದ ಭಾಷೆ. ಶಾಲೆಯ ಬಾಗಿಲು ಹಾಕಿದರೆ ನಮ್ಮಲ್ಲಿ ಕನ್ನಡ ಒಳಗೆ ಬರೋಕೆ ಕಿಟಕಿಯೂ ಇಲ್ಲ.

ತಕರಾರು ಇಷ್ಟೇ: ಸಮ್ಮೇಳನದ ನಿರ್ಣಯಗಳು ‘ಮಾತೃಭಾಷೆ’ ಮತ್ತು ‘ಕನ್ನಡ’ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತವೆ, ಎರಡೂ ಒಂದೇ ಅನ್ನೋ ಹಾಗೆ. ವಿಜ್ಞಾನದ ಬಲ ತಾಯಿನುಡಿಯಿಂದ ತಗೊಂಡು, ಅದನ್ನು ರಾಜ್ಯದ ಭಾಷೆಗೆ ಜಮಾ ಮಾಡುತ್ತವೆ. ಕುರುಡುಮಲೆ ಸುತ್ತಮುತ್ತ ಈ ಲೆಕ್ಕ ಕೂಡೋದಿಲ್ಲ. ಇಲ್ಲಿ ಕನ್ನಡಕ್ಕೆ ಬೇರೆ ವಾದ ಬೇಕು. ಇದು ನಮ್ಮ ರಾಜ್ಯದ ಭಾಷೆ, ನೆರೆಯವರ ಭಾಷೆ, ಆಫೀಸಿನ ಭಾಷೆ, ಇದರಲ್ಲಿ ಓದಿದರೆ ಮಗು ಒಂಟಿಯಾಗೋದಿಲ್ಲ ಅನ್ನುವಂಥದ್ದು. ಅಂಥ ವಾದವನ್ನು ವದಿನ ಮುಂದೆ ಇಟ್ಟರೆ ಅವರು ಕೇಳುತ್ತಾರೆ, ಒಪ್ಪಲೂಬಹುದು. ‘ಮಕ್ಕಳ ಭಾಷೆ’ ಅಂದರೆ ನಗುತ್ತಾರೆ.

2025ರ ಆಗಸ್ಟ್ 8ರಂದು ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ ಸಿದ್ದರಾಮಯ್ಯನವರಿಗೆ ವರದಿ ಒಪ್ಪಿಸಿತು. ಎರಡು ಭಾಷೆಯ ಸೂತ್ರ, ಐದನೇ ತರಗತಿವರೆಗೆ ಕನ್ನಡ ಅಥವಾ ಮಾತೃಭಾಷೆಯ ಮಾಧ್ಯಮ ಅನ್ನೋದು ಅದರ ಶಿಫಾರಸುಗಳಲ್ಲಿ ಮುಖ್ಯವಾದವು. ಟಿವಿ ಚರ್ಚೆಗಳೆಲ್ಲ ಹಿಂದಿ ಹೋಯ್ತಾ ಇಲ್ವಾ ಅನ್ನೋದರ ಸುತ್ತ ಸುತ್ತಿದವು. ನನ್ನ ಕಣ್ಣು ನಿಂತಿದ್ದು ಆ ‘ಅಥವಾ’ದ ಮೇಲೆ. ನಮ್ಮೂರಲ್ಲಿ ಆ ಪದಕ್ಕೆ ಏನರ್ಥ? ತೆಲುಗು ಮಾಧ್ಯಮ ಕೇಳುವವರು ನಮ್ಮೂರಲ್ಲಿ ಒಬ್ಬರೂ ಇಲ್ಲ. ಆದರೆ ಒಂದನೇ ಕ್ಲಾಸಿನ ಮೊದಲ ಆರು ತಿಂಗಳು ಮೇಷ್ಟ್ರು ತೆಲುಗಿನಲ್ಲಿ ವಿವರಿಸಿ ಕನ್ನಡಕ್ಕೆ ದಾಟಿಸುವುದು ಇಲ್ಲಿ ಮೊದಲಿಂದ ನಡೆದುಬಂದಿದೆ. ಯಾವ ನೀತಿಯೂ ಅದನ್ನು ಗುರುತಿಸಿಲ್ಲ. ತೆಲುಗು ಬಾರದ ಮೇಷ್ಟ್ರು ವರ್ಗವಾಗಿ ಬಂದ ವರ್ಷ ಚಿಕ್ಕ ಮಕ್ಕಳು ಒದ್ದಾಡುತ್ತವೆ. ಇದು ಸಮಿತಿಯಲ್ಲಿ ಎಲ್ಲರಿಗೂ ಗೊತ್ತು, ನಡಾವಳಿಯಲ್ಲಿ ಎಲ್ಲೂ ಇಲ್ಲ.

ಸಮಿತಿಗೆ ದನಿ ಇಲ್ಲದಿರೋದಕ್ಕೆ ಅನಕ್ಷರತೆ ಕಾರಣ, ಬಡತನ ಕಾರಣ ಅಂತ ಸೆಮಿನಾರುಗಳಲ್ಲಿ ಹೇಳೋದು ಕೇಳಿದ್ದೀನಿ. ಒಪ್ಪಲಾರೆ. ಅದೇ ಊರಿನ ಅದೇ ಜನ ಹಾಲಿನ ಡೇರಿಯ ಆಡಳಿತ ಮಂಡಳಿಗೆ ಚುನಾವಣೆ ಬಂದರೆ ರಾತ್ರಿಯೆಲ್ಲ ಮಲಗೋದಿಲ್ಲ. ಫ್ಯಾಟ್ ರೀಡಿಂಗ್‌ನಲ್ಲಿ ಒಂದು ಪಾಯಿಂಟ್ ಕಮ್ಮಿ ಬಂದರೆ ಸೆಕ್ರೆಟರಿಯನ್ನು ನಿಲ್ಲಿಸಿ ಕೇಳ್ತಾರೆ. ಯಾಕಂದರೆ ಡೇರಿಗೆ ಮೆಟ್ಟಿಲುಗಳಿವೆ. ಊರಿನ ಸಂಘದ ಮೇಲೆ ಜಿಲ್ಲೆಯ ಕೋಮುಲ್, ಅದರ ಮೇಲೆ ಕೆಎಂಎಫ್. ಊರಿನ ಸಂಘದಿಂದ ಒಬ್ಬ ಪ್ರತಿನಿಧಿ ಹೋಗಿ ಮೇಲಿನವರಿಗೆ ಓಟು ಹಾಕುತ್ತಾನೆ. ಹಾಲಿನ ರೇಟಿನ ಬಗ್ಗೆ ಸರ್ಕಾರ ಮಾತಾಡುವಾಗ ಈ ಮೆಟ್ಟಿಲು ಹತ್ತಿ ಬಂದ ದನಿಯನ್ನು ಕೇಳದೆ ಇರೋಕೆ ಆಗೋದಿಲ್ಲ. ಎಸ್‌ಡಿಎಂಸಿಗೆ ಮೆಟ್ಟಿಲೇ ಇಲ್ಲ. ಅದು ಶಾಲೆಯ ಕಾಂಪೌಂಡಿನಲ್ಲಿ ಹುಟ್ಟಿ ಕಾಂಪೌಂಡಿನಲ್ಲೇ ಮುಗಿಯುತ್ತೆ. ಮೇಲೆ ಕಾಗದ ಹೋಗುತ್ತೆ, ಪ್ರತಿನಿಧಿ ಹೋಗೋದಿಲ್ಲ.

ನಿಮ್ಮಲ್ಲಿ ಅಮೆರಿಕಕ್ಕೆ ಹೋಗಿ ಬಂದವರಿಗೆ ಅಲ್ಲಿನ ಸ್ಕೂಲ್ ಬೋರ್ಡುಗಳು ಗೊತ್ತಿರುತ್ತೆ. ಹೆಚ್ಚಿನ ಕಡೆ ಊರಿನವರು ಓಟು ಹಾಕಿ ಆರಿಸಿದ ಬೋರ್ಡು. ಅವುಗಳಿಗೆ ರಾಜ್ಯಮಟ್ಟದ ಸಂಘಗಳಿವೆ, ಎಷ್ಟೋ ಸಂಘಗಳಲ್ಲಿ ಪ್ರತಿನಿಧಿಗಳು ಸೇರಿ ಯಾವ ಮಸೂದೆಯನ್ನು ಬೆಂಬಲಿಸಬೇಕು, ಯಾವುದನ್ನು ವಿರೋಧಿಸಬೇಕು ಅಂತ ಓಟು ಹಾಕಿ ತೀರ್ಮಾನಿಸುತ್ತಾರೆ. ಅಲ್ಲೂ ಎಲ್ಲ ಚೆನ್ನಾಗಿದೆ ಅಂತಲ್ಲ. 2021ರಲ್ಲಿ ಅವರ ರಾಷ್ಟ್ರೀಯ ಸಂಘ, ಬೋರ್ಡ್ ಸದಸ್ಯರಿಗೆ ಬೆದರಿಕೆ ಬರುತ್ತಿದೆ ಅಂತ ಅಧ್ಯಕ್ಷ ಬೈಡನ್‌ಗೆ ಪತ್ರ ಬರೆದದ್ದೇ ದೊಡ್ಡ ಗಲಾಟೆಯಾಗಿ ಹಲವು ರಾಜ್ಯಗಳ ಸಂಘಗಳು ಅದನ್ನು ಬಿಟ್ಟು ಹೊರಬಂದವು. ಮೆಟ್ಟಿಲಿದ್ದರೆ ಬೀಳುವವರೂ ಇರ್ತಾರೆ. ಆದರೆ ನಮ್ಮನ್ನು ಕೇಳದೆ ನಮ್ಮ ಹೆಸರಲ್ಲಿ ಬರೆದಿರಿ ಅಂತ ಹೇಳಿ ಹೊರನಡೆಯೋಕೂ ಮೊದಲು ಒಳಗೆ ಒಂದು ಜಾಗ ಬೇಕು.

ನಮ್ಮಲ್ಲಿ ಪ್ರಯತ್ನ ನಡೆದೇ ಇಲ್ಲ ಅಂದರೆ ಸುಳ್ಳಾಗುತ್ತೆ. ಎಸ್‌ಡಿಎಂಸಿಗಳ ಸಮನ್ವಯ ವೇದಿಕೆ ಅಂತ ಒಂದಿದೆ, ಶಿಕ್ಷಣ ತಜ್ಞ ನಿರಂಜನಾರಾಧ್ಯ ವಿ.ಪಿ. ಅವರ ಮಾರ್ಗದರ್ಶನದಲ್ಲಿ ವರ್ಷಗಳಿಂದ ನಡೀತಿದೆ. ಸರ್ಕಾರಿ ಶಾಲೆ ಮುಚ್ಚಬಾರದು, ನೆರೆಹೊರೆಯ ಸಮಾನ ಶಾಲೆ ಬೇಕು ಅಂತ ಅದು ಹೋರಾಡಿಕೊಂಡು ಬಂದಿದೆ. ಅದರ ಹೇಳಿಕೆಗಳು ಪೇಪರಿನಲ್ಲಿ ಬರುತ್ತವೆ, ನಾನು ಬಹುತೇಕ ಒಪ್ಪುತ್ತೇನೆ. ಆದರೂ ಹೇಳಿಕೆಗಳ ಕನ್ನಡ ತಜ್ಞರ ಕನ್ನಡ. ಸೆಕ್ಷನ್ ನಂಬರುಗಳು ಕರಾರುವಾಕ್ಕಾಗಿರುತ್ತವೆ, ವದಿನ ಥರದವರು ಅಲ್ಲಿ ಕಾಣೋದಿಲ್ಲ. ಬಹುಶಃ ತಳದಲ್ಲಿ ಇಂಗ್ಲಿಷ್ ಬೇಕು ಅನ್ನುವ ದನಿ ಎಷ್ಟು ಜೋರಾಗಿದೆ ಅಂತ ಗೊತ್ತಿರೋದರಿಂದಲೇ ಅದನ್ನು ಹಾಗೇ ಮೇಲೆ ತರೋಕೆ ಎಲ್ಲರಿಗೂ ಮುಜುಗರ.

ನನಗೂ ಆ ದನಿ ಪೂರ್ತಿ ಒಪ್ಪಿಗೆ ಇಲ್ಲ. ಸಾವಿರ ಶಾಲೆಗಳಲ್ಲಿ ವಿಭಾಗ ತೆರೆದಾಗ ಹೆಚ್ಚಿನ ಕಡೆ ಇದ್ದ ಮೇಷ್ಟ್ರಿಗೇ ಕೆಲವು ದಿನಗಳ ತರಬೇತಿ ಕೊಟ್ಟು ಕಳಿಸಿದರು. ಬೋರ್ಡು ಬದಲಾಯಿತು, ಪಾಠ ಹೇಳುವವರು ಅವರೇ. ಅಂಥ ಇಂಗ್ಲಿಷ್ ಮಾಧ್ಯಮದಿಂದ ಇಂಗ್ಲಿಷೂ ಬರೋದಿಲ್ಲ, ಗಣಿತವೂ ಬರೋದಿಲ್ಲ. ನನ್ನ ಜೊತೆ ಬಿಇ ಓದಿದ ಕನ್ನಡ ಮಾಧ್ಯಮದವರು ಮೊದಲ ಸೆಮಿಸ್ಟರಿನಲ್ಲಿ ಒದ್ದಾಡಿದರು, ಮೂರನೆಯದರ ಹೊತ್ತಿಗೆ ಸರಿಯಾದರು, ಯಾಕಂದರೆ ಗಣಿತ ಗಟ್ಟಿಯಾಗಿತ್ತು. ಇದನ್ನು ವದಿನಗೆ ಹೇಳಿದೆ. “ನೀವು ಸರಿಯಾದ್ರಿ. ಮೊದಲ್ನೇ ಸೆಮಿಸ್ಟರಲ್ಲೇ ಬಿಟ್ಟು ಬಂದೋರು ನಮ್ಮೂರಲ್ಲೇ ಇಬ್ರು ಇದ್ದಾರಲ್ಲಯ್ಯಾ, ಅವ್ರನ್ನೂ ಕೇಳು” ಅಂದರು. ಅದಕ್ಕೆ ನಾನೇನೂ ಹೇಳಲಿಲ್ಲ.

ನನ್ನ ನಿಲುವು ಕೇಳಿದರೆ: ಐದರವರೆಗೆ ಕನ್ನಡ ಮಾಧ್ಯಮ, ಒಂದನೇ ಕ್ಲಾಸಿಂದ ನಿಜವಾಗಿ ಇಂಗ್ಲಿಷ್ ಗೊತ್ತಿರುವ ಒಬ್ಬ ಇಂಗ್ಲಿಷ್ ಟೀಚರು, ಗಡಿಯ ಶಾಲೆಗಳಲ್ಲಿ ತೆಲುಗು ಬಲ್ಲ ಒಬ್ಬರಾದರೂ ಮೇಷ್ಟ್ರು, ಗಣಿತ ವಿಜ್ಞಾನಕ್ಕೆ ಎರಡೂ ಭಾಷೆಯಲ್ಲಿ ಅಚ್ಚಾದ ಪುಸ್ತಕ. ಆದರೆ ನನ್ನ ಮಕ್ಕಳು ಆ ಶಾಲೆಗೆ ಹೋಗೋದಿಲ್ಲ. ನನ್ನ ನಿಲುವಿಗೆ ಬ್ಲಾಗು ಇದೆ, ವದಿನ ನಿಲುವಿಗೆ ಕಾಯ್ದೆ ಇದೆ. ಇದುವರೆಗೆ ಬ್ಲಾಗಿಗೇ ಓದುಗರು ಜಾಸ್ತಿ.

ಮುಂದಿನ 22ನೇ ಸೆಕ್ಷನ್ನಿನ ಯೋಜನೆಯ ಫಾರಂ ಈಗ ಶಾಲೆಗೆ ಬಂದಿದೆ. ಕೊಠಡಿ, ಶೌಚಾಲಯ, ನೀರು, ಬೆಂಚು ಎಲ್ಲಕ್ಕೂ ಕಾಲಂ ಇದೆ. ಭಾಷೆಗೆ ಇಲ್ಲ, ಮೇಷ್ಟ್ರಿಗೆ ಯಾವ ಭಾಷೆ ಬರಬೇಕು ಅನ್ನೋದಕ್ಕೂ ಇಲ್ಲ. ಕೊನೆಯಲ್ಲಿ ‘ಇತರೆ’ ಅಂತ ಒಂದು ಗೆರೆ ಬಿಟ್ಟಿದ್ದಾರೆ. ಈ ಸಲ ‘ಸದರಿ’ ಬೇಡ, ನಾನು ಹೇಳಿದ್ದನ್ನು ಹೇಳಿದ ಹಾಗೇ ಬರೀರಿ ಸಾರ್ ಅಂತ ವದಿನ ಹೆಡ್ ಮೇಷ್ಟ್ರಿಗೆ ಹೇಳಿದ್ದಾರೆ. ಅವರು ಒಳ್ಳೆಯವರು, ಆಯ್ತಮ್ಮ ಅಂದಿದ್ದಾರೆ. ಒಂದು ಗೆರೆಯಲ್ಲಿ ಹಿಡಿಸೋದಿಲ್ಲ, ಬೇರೆ ಹಾಳೆ ಲಗತ್ತಿಸಬೇಕಾಗುತ್ತೆ. ಸಭೆ ಮುಂದಿನ ಶನಿವಾರ. ವಡ್ಡಹಳ್ಳಿ ಮಾರ್ಕೆಟ್ಟಿಗೆ ಟೊಮೆಟೊ ಹಾಕುವ ದಿನ ಆಗಿರದಿದ್ದರೆ ಕೋರಂ ಆಗುತ್ತೆ.